ಒಂದೇ ಮಷೀನು, ಹೊರಗೆ ನಲವತ್ತು ಚೀಟಿ: ಎಕ್ಸ್‌ರೇ ರೂಮಿನ ಮುಂದೆ ಪಾಳಿ ಹಚ್ಚುವ ಬಗೆ

ಸೋಮವಾರ ಬೆಳಗ್ಗೆ ಒಂಬತ್ತೂವರೆ. ಎಕ್ಸ್‌ರೇ ರೂಮಿನ ಮುಂದಿನ ಬೆಂಚುಗಳೆಲ್ಲ ತುಂಬಿವೆ. ರೈಸ್ ಮಿಲ್ಲಿನ ಹಮಾಲಿಯೊಬ್ಬ ಜಜ್ಜಿದ ಬೆರಳಿಗೆ ಟವೆಲ್ ಸುತ್ತಿಕೊಂಡು ನಿಂತಿದ್ದಾನೆ. ಸಂಡೂರಿನ ಗಣಿಯಲ್ಲಿ ದುಡಿದ ಯಜಮಾನರೊಬ್ಬರು ಕೆಮ್ಮುತ್ತಾ ಗೋಡೆಗೆ ಒರಗಿದ್ದಾರೆ. ತೋರಣಗಲ್ಲಿನಲ್ಲಿ ಕೆಲಸಕ್ಕೆ ಸೇರಲು ಫಿಟ್ನೆಸ್ ಸರ್ಟಿಫಿಕೇಟ್ ಬೇಕೆಂದು ಬಂದ ನಾಲ್ಕು ಹುಡುಗರು ಮೊಬೈಲ್ ನೋಡುತ್ತಿದ್ದಾರೆ. ಮಂಡಿನೋವಿನ ಅಜ್ಜಿ ಇದ್ದಾರೆ, ಪೊಲೀಸರ ಜೊತೆ ಬಂದ ಎಂಎಲ್‌ಸಿ, ಅಂದರೆ ಮೆಡಿಕೋ-ಲೀಗಲ್ ಕೇಸೂ ಇದೆ. ಒಳಗೆ ಮಷೀನು ಒಂದು, ಟೆಕ್ನಿಷಿಯನ್ ಒಬ್ಬ. ಮುಕ್ಕಾಲು ಪಾಲು ಚೀಟಿಗಳ ಮೇಲೆ ಒಂದೇ ಪದ: ಅರ್ಜೆಂಟ್.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಂಬರ್ ಪ್ರಕಾರವೇ ಕರೆಯುತ್ತಿದ್ದೆ. ನ್ಯಾಯ ಅಂದರೆ ಅದೇ ಅಂದುಕೊಂಡಿದ್ದೆ. ಒಂದಿನ ಟ್ರ್ಯಾಕ್ಟರ್ ಮೇಲಿಂದ ಬಿದ್ದ ಹುಡುಗನೊಬ್ಬ ಎಡ ಪಕ್ಕೆ ಹಿಡಿದು ಕೂತಿದ್ದ. ಅವನ ನಂಬರ್ 23. ಗಲಾಟೆ ಇಲ್ಲ, ನರಳಾಟ ಇಲ್ಲ. 17ನೇ ನಂಬರ್ ಕರೆದಾಗ ನೀರು ಕುಡಿಯಲು ಎದ್ದವನು ಅಲ್ಲೇ ಕುಸಿದ. ಗುಲ್ಮ, ಅಂದರೆ ಸ್ಪ್ಲೀನ್ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿತ್ತು. ಆಪರೇಷನ್ ಆಗಿ ಬದುಕಿದ. ಅವನ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಎಕ್ಸ್‌ರೇ, ಎಡ ಪಕ್ಕೆಲುಬು.

ಆವತ್ತಿನಿಂದ ನಾನು ಪ್ರತಿ ಚೀಟಿಗೂ ಒಂದೇ ಪ್ರಶ್ನೆ ಕೇಳುತ್ತೇನೆ. ಈ ಫೋಟೊ ಬಂದರೆ ಮುಂದಿನ ಒಂದು ಗಂಟೆಯಲ್ಲಿ ಈ ಮನುಷ್ಯನಿಗೆ ಮಾಡುವ ಚಿಕಿತ್ಸೆ ಬದಲಾಗುತ್ತದಾ? ಬದಲಾಗುವುದಾದರೆ ಅವನು ಮೊದಲು. ಇಲ್ಲವಾದರೆ, ಎಷ್ಟೇ ನೋವಿರಲಿ, ಎಷ್ಟೇ ದೊಡ್ಡವರ ಫೋನ್ ಬರಲಿ, ಅವನು ಆಮೇಲೆ. ನೋವಿದ್ದರೆ ಕಾಯುವಾಗ ನೋವಿನ ಇಂಜೆಕ್ಷನ್ ಕೊಡಿಸಿ, ಅದು ಬೇರೆ ಮಾತು.

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಸಣ್ಣ, ಮಧ್ಯಮ ಆಸ್ಪತ್ರೆಗಳಲ್ಲಿ ಇದನ್ನು ಹೊಸ ಯಂತ್ರ, ಹೊಸ ಸಾಫ್ಟ್‌ವೇರ್ ಇಲ್ಲದೆ ಹೇಗೆ ಮಾಡಬಹುದು ಅನ್ನುವುದನ್ನು ಕೆಳಗೆ ಬರೆದಿದ್ದೇನೆ.

ಬಾಗಿಲಲ್ಲಿ ಒಬ್ಬರು

ಮಷೀನ್ ನಡೆಸುವವನೇ ಪಾಳಿಯನ್ನೂ ನೋಡಬೇಕು ಅಂದರೆ ಎರಡೂ ಕೆಡುತ್ತವೆ. ಬಾಗಿಲಲ್ಲಿ ಒಬ್ಬರನ್ನು ಗೊತ್ತು ಮಾಡಿ. ಸ್ಟಾಫ್ ನರ್ಸ್ ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ಟ್ರೇನಿಂಗ್‌ಗೆ ಬಂದ ಡಿಪ್ಲೊಮಾ ವಿದ್ಯಾರ್ಥಿಯೂ ಆಗಬಹುದು, ಆದರೆ ಅವರಿಗೆ ಮೊದಲು ಹೇಳಿಕೊಡಿ. ಯಾರೂ ಇಲ್ಲವೇ? ಹಾಗಾದರೆ ಐದು ಜನರ ಎಕ್ಸ್‌ರೇ ಆದಮೇಲೆ ಒಮ್ಮೆ ನೀವೇ ಹೊರಗೆ ಬಂದು ಬೆಂಚಿನ ಈ ತುದಿಯಿಂದ ಆ ತುದಿಗೆ ನಡೆಯಿರಿ. ಎರಡು ನಿಮಿಷ ಸಾಕು. ಬಾಗಿಲಿಗೆ ಹತ್ತಿರ ನಿಂತು ಜಗಳ ಮಾಡುವವರಿಗಿಂತ ಆ ತುದಿಯಲ್ಲಿ ಸುಮ್ನೆ ಕೂತವರ ಮೇಲೆ ಕಣ್ಣಿರಲಿ.

ಚೀಟಿಗೆ ಒಂದು ಸೀಲು

'ಚೆಸ್ಟ್ ಪಿಎ', ಅಂದರೆ ಎದೆಯ ಫೋಟೊ ಎಂದು ಮಾತ್ರ ಬರೆದ ಚೀಟಿಯಿಂದ ಯಾರನ್ನೂ ಬೇರ್ಪಡಿಸಲು ಆಗುವುದಿಲ್ಲ. ನಮಗೆ ಬೇಕಾದದ್ದು ನಾಲ್ಕು ಸಂಗತಿ. ಏನಾಯಿತು, ಯಾವಾಗ ಆಯಿತು, ಡಾಕ್ಟರಿಗೆ ಏನು ಅನುಮಾನ, ಈಗ ಬಿಪಿ, ನಾಡಿ, ಆಕ್ಸಿಜನ್, ಎಚ್ಚರ ಹೇಗಿದೆ. ಹೊಸ ಫಾರ್ಮ್ ಅಚ್ಚು ಹಾಕಿಸಿ ಎಂದು ಪತ್ರ ಬರೆದರೆ ವರ್ಷ ಕಳೆಯುತ್ತದೆ. ಅದರ ಬದಲು ಒಂದು ರಬ್ಬರ್ ಸೀಲ್ ಮಾಡಿಸಿ ಕ್ಯಾಶುವಾಲಿಟಿಯಲ್ಲಿ ಇಡಿ. ಸೀಲ್ ಹೊಡೆದರೆ ನಾಲ್ಕು ಖಾಲಿ ಗೆರೆ ಬೀಳುತ್ತವೆ. ಗೆರೆ ಕಂಡರೆ ಡಾಕ್ಟರ ಕೈ ತಾನಾಗೇ ಅದನ್ನು ತುಂಬುತ್ತದೆ.

ಇನ್ನೊಂದು ನಿಯಮವನ್ನು ಡಾಕ್ಟರುಗಳ ಜೊತೆ ಕೂತು ಒಪ್ಪಿಸಿಕೊಳ್ಳಿ. ಚೀಟಿಯ ಮೇಲಿನ 'ಅರ್ಜೆಂಟ್'ಗೆ ಬೆಲೆ ಇಲ್ಲ. ನಿಜವಾಗಿ ಅರ್ಜೆಂಟ್ ಇದ್ದರೆ ಬರೆದವರೇ ಎಕ್ಸ್‌ರೇ ರೂಮಿಗೆ ಫೋನ್ ಮಾಡಬೇಕು. ಅರ್ಧ ನಿಮಿಷದ ಫೋನ್ ಮಾಡುವಷ್ಟು ಅರ್ಜೆಂಟ್ ಇಲ್ಲದ ಕೇಸು ಅರ್ಜೆಂಟ್ ಅಲ್ಲ, ಅಲ್ವಾ?

ಅರ್ಧ ನಿಮಿಷ ಮನುಷ್ಯನ ಕಡೆ ನೋಡಿ

ಚೀಟಿ ಬರೆದದ್ದು ಒಂದು ಗಂಟೆ ಹಿಂದೆ. ರೋಗಿ ನಿಮ್ಮ ಮುಂದೆ ಇರುವುದು ಈಗ. ಪೂರ್ತಿ ವಾಕ್ಯ ಮಾತಾಡುತ್ತಾನಾ, ಎರಡು ಪದಕ್ಕೊಮ್ಮೆ ಉಸಿರು ತೆಗೆಯುತ್ತಾನಾ ನೋಡಿ. ಕೈ ಮುಟ್ಟಿ. ತಣ್ಣಗೆ ಬೆವತಿದ್ದರೆ, ಅದೂ ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ತಣ್ಣಗಿದ್ದರೆ, ಅದು ಒಳ್ಳೆಯ ಲಕ್ಷಣ ಅಲ್ಲ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಒಂದನ್ನು ಬಾಗಿಲಲ್ಲೇ ದಾರ ಕಟ್ಟಿ ಇಡಿ. ದಾರ ಕಟ್ಟದಿದ್ದರೆ ಸಂಜೆಗೆ ಇರುವುದಿಲ್ಲ. ದೊಡ್ಡವರಲ್ಲಿ ಆಕ್ಸಿಜನ್ 92ಕ್ಕಿಂತ ಕಡಿಮೆ, ನಾಡಿ 130ಕ್ಕಿಂತ ಜಾಸ್ತಿ, ಉಸಿರು ನಿಮಿಷಕ್ಕೆ 30ಕ್ಕಿಂತ ಜಾಸ್ತಿ, ಅಥವಾ ಕರೆದರೆ ಸರಿಯಾಗಿ ಉತ್ತರ ಕೊಡುತ್ತಿಲ್ಲ. ಇದರಲ್ಲಿ ಒಂದಿದ್ದರೂ ಡಾಕ್ಟರನ್ನು ಕರೆಯಿರಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ರೋಗಿ ತುಂಬಾ ಸೀರಿಯಸ್ ಇದ್ದಾನೆ, ಆದ್ದರಿಂದ ಬೇಗ ಸಿಟಿ ಸ್ಕ್ಯಾನ್ ಮಷೀನಿನ ಮೇಲೆ ಹಾಕಿ ಅನ್ನುತ್ತಾರೆ. ಬಿಪಿಯೇ ಸಿಗದ ರೋಗಿಗೆ ಸಿಟಿ ರೂಮಿನಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಒಳಗೆ ಅವನು ಒಬ್ಬನೇ, ನಾವೆಲ್ಲ ಗಾಜಿನ ಆಚೆ. ಮೊದಲು ಕ್ಯಾಶುವಾಲಿಟಿಯಲ್ಲಿ ಉಸಿರು, ರಕ್ತ, ಡ್ರಿಪ್ ನೋಡಲಿ. ಹೊಟ್ಟೆಯೊಳಗೆ ರಕ್ತ ಇದೆಯಾ ಅನ್ನುವುದು ಮಂಚದ ಪಕ್ಕದಲ್ಲೇ ನಾಲ್ಕು ಕಡೆ ಪ್ರೋಬ್ ಇಟ್ಟು ನೋಡುವ ಫಾಸ್ಟ್ ಎಂಬ ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ ಕೆಲವೇ ನಿಮಿಷದಲ್ಲಿ ತಿಳಿಯುತ್ತದೆ. ಪೆಟ್ಟಾದ ಎದೆಯೊಳಗೆ ಗಾಳಿ ತುಂಬಿ ಬಿಪಿ ಬೀಳುತ್ತಿದ್ದರೆ ಡಾಕ್ಟರು ಸೂಜಿ ಹಾಕಿ ಗಾಳಿ ತೆಗೆಯಬೇಕು. ಅದಕ್ಕೆ ಎಕ್ಸ್‌ರೇ ಕಾಯುವಂತಿಲ್ಲ. ಅಂಥವನು ಪ್ಲೇಟಿನ ಮುಂದೆ ನಿಲ್ಲಲು ಬಂದರೆ ಫೋಟೊ ತೆಗೆಯಬೇಡಿ, ವಾಪಸ್ ಕಳಿಸಿ, ನೀವೂ ಜೊತೆಗೆ ಹೋಗಿ.

ಮೂರು ಬಣ್ಣದ ಕ್ಲಿಪ್ಪು

ಬಟ್ಟೆ ಒಣ ಹಾಕುವ ಪ್ಲಾಸ್ಟಿಕ್ ಕ್ಲಿಪ್ಪು ಸಂತೆಯಲ್ಲಿ ಸಿಗುತ್ತವೆ. ಕೆಂಪು, ಹಳದಿ, ಹಸಿರು ತನ್ನಿ, ಚೀಟಿಗೆ ಸಿಕ್ಕಿಸಿ. ಕೆಂಪು ಅಂದರೆ ಮುಂದಿನ ಪಾಳಿ ಇವರದೇ. ಹಳದಿ ಅಂದರೆ ಒಂದೆರಡು ಗಂಟೆಯೊಳಗೆ. ಹಸಿರಿನವರು ನಂಬರ್ ಪ್ರಕಾರ, ಜನ ಜಾಸ್ತಿ ಆದರೆ ನಾಳೆಯೋ ನಾಡಿದ್ದೋ ಹೊತ್ತು ಗೊತ್ತು ಮಾಡಿ ಕಳಿಸಬಹುದು.

ಕೆಂಪು ಯಾರಿಗೆ? ಲಕ್ವ ಹೊಡೆದು ಕೆಲವೇ ಗಂಟೆ ಆದವರಿಗೆ. ತಲೆಗೆ ಪೆಟ್ಟು ಬಿದ್ದು ಮಂಕಾದವರಿಗೆ ಅಥವಾ ಮತ್ತೆ ಮತ್ತೆ ವಾಂತಿ ಮಾಡುವವರಿಗೆ. ಹೊಟ್ಟೆನೋವಿನ ಜೊತೆ ರಕ್ತ ಹೋಗುತ್ತಿರುವ ಬಸುರಿಗೆ. ಉಸಿರು ಎಳೆಯುವ ಮಗುವಿಗೆ. ಮೂಳೆ ಮುರಿದು ಪಾದ ತಣ್ಣಗಾದವರಿಗೆ. ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾದವರಿಗೆ. ಇವರಿಗೆ ಕರುಳು ತೂತಾದ ಅನುಮಾನ ಇರುತ್ತದೆ, ನಿಲ್ಲಿಸಿ ಅಥವಾ ಕೂರಿಸಿ ಎದೆ ಫೋಟೊ ತೆಗೆದರೆ ವಪೆಯ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯ ಕೆಳಗೆ ಬಹಳ ಸಲ ಗಾಳಿ ಕಾಣುತ್ತದೆ. ತೆಗೆಯುವ ಮೊದಲು ಐದು ಹತ್ತು ನಿಮಿಷ ಕೂರಿಸಿ, ಗಾಳಿ ಮೇಲೇರಲಿ. ಕೂರಲು ಆಗದವರನ್ನು ಎಡಮಗ್ಗುಲಿಗೆ ಮಲಗಿಸಿ. ಇನ್ನೊಂದನ್ನು ಎಲ್ಲರೂ ಮರೆಯುತ್ತಾರೆ. ಹದಿಹರೆಯದ ಹುಡುಗನಿಗೆ ಇದ್ದಕ್ಕಿದ್ದಂತೆ ವೃಷಣ ನೋವು. ನಾಚಿಕೆಗೆ 'ಹೊಟ್ಟೆನೋವು' ಅನ್ನುತ್ತಾನೆ. ಬೀಜ ತಿರುಚಿಕೊಂಡಿದ್ದರೆ ಸುಮಾರು 6 ಗಂಟೆಯೊಳಗೆ ಬಿಡಿಸಬೇಕು. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಸಿಗದಿದ್ದರೆ ಅದಕ್ಕೂ ಕಾಯದೆ ಸರ್ಜನ್ ಹತ್ತಿರ ಓಡಿಸಿ.

ಹಳದಿಯಲ್ಲಿ ಸಾದಾ ಮುರಿತ, ಜ್ವರ ಕೆಮ್ಮು, ಕಿಡ್ನಿ ಕಲ್ಲಿನ ನೋವು. ಹಸಿರಿನಲ್ಲಿ ಮಂಡಿ, ಸೊಂಟ, ಫಿಟ್ನೆಸ್, ಹಳೆಯ ಮುರಿತ ಕೂಡಿದೆಯಾ ಎಂದು ನೋಡಲು ಬಂದವರು.

ಹಸಿರಿನ ರಾಶಿಯನ್ನು ಇಳಿಸುವುದೇ ದೊಡ್ಡ ಕೆಲಸ. ಸೊಂಟನೋವು ಶುರುವಾಗಿ ಆರು ವಾರ ಆಗಿಲ್ಲ, ಬಿದ್ದಿಲ್ಲ, ಜ್ವರ ಇಲ್ಲ, ಕ್ಯಾನ್ಸರ್ ಇರಲಿಲ್ಲ, ತೂಕ ಇಳಿದಿಲ್ಲ, ಕಾಲಿನ ಶಕ್ತಿ ಹೋಗಿಲ್ಲ, ಮೂತ್ರ ಕಟ್ಟಿಲ್ಲ ಅಂದರೆ ಸಾಮಾನ್ಯವಾಗಿ ಎಕ್ಸ್‌ರೇ ಬೇಕಿಲ್ಲ. ಕಾಲು ಉಳುಕಿದವರಿಗೆ 1992ರಲ್ಲಿ ಕೆನಡಾದ ಡಾಕ್ಟರುಗಳು ಮಾಡಿಕೊಟ್ಟ ಒಟ್ಟಾವಾ ನಿಯಮ ಇದೆ. ಮೀನಖಂಡದ ಕೆಳಗೆ ಹರಡಿನ ಎರಡೂ ಬದಿಯ ಗಂಟು ಮೂಳೆಯ ಹಿಂಭಾಗ ಅಥವಾ ಕೆಳತುದಿ ಒತ್ತಿದರೆ ನೋವಾಗುತ್ತದಾ? ಪೆಟ್ಟಾದ ಕೂಡಲೇ ಮತ್ತು ಈಗ ನಾಲ್ಕು ಹೆಜ್ಜೆ ಇಡಲು ಆಗುತ್ತದಾ? ಮೂಳೆ ನೋವಿಲ್ಲ, ನಾಲ್ಕು ಹೆಜ್ಜೆ ಇಡುತ್ತಾರೆ ಅಂದರೆ ಹರಡಿನ ಫೋಟೊ ಬೇಡ. ಒಪಿಡಿಯ ಡಾಕ್ಟರುಗಳು ಈ ಎರಡನ್ನು ಒಪ್ಪಿಕೊಂಡರೆ ಬೆಂಚಿನಲ್ಲಿ ಜಾಗ ಕಾಣುತ್ತದೆ. 'ಫೋಟೊ ತೆಗೆಸಿದರೇ ಸಮಾಧಾನ' ಅನ್ನುವ ಜನ ಬೇಜಾರಾಗುತ್ತಾರೆ. ಆಗಲಿ.

ಲಕ್ವ ಬಂದಾಗ ಗಡಿಯಾರ ಕೇಳಿ

ಲಕ್ವದಲ್ಲಿ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ 4.5 ಗಂಟೆಯ ಗಡುವು. ಕೊಡುವ ಮೊದಲು ಮೆದುಳಲ್ಲಿ ರಕ್ತಸ್ರಾವ ಇಲ್ಲ ಎಂದು ಸಿಟಿಯಲ್ಲಿ ನೋಡಲೇಬೇಕು. ಲಿಂಗಸೂಗೂರಿನ ಹಳ್ಳಿಯಿಂದ ರಾಯಚೂರಿಗೆ, ಕುಷ್ಟಗಿಯ ಹಳ್ಳಿಯಿಂದ ಕೊಪ್ಪಳಕ್ಕೆ ಬರುವಷ್ಟರಲ್ಲಿ ಅದರಲ್ಲಿ ಎಷ್ಟೋ ಹೊತ್ತು ರಸ್ತೆಯಲ್ಲೇ ಹೋಗಿರುತ್ತದೆ. ದಾರಿಯಲ್ಲಿ ಯಾರೋ ಎಣ್ಣೆ ತಿಕ್ಕುವವರ ಹತ್ತಿರ ನಿಂತು ಬಂದಿದ್ದರೆ ಇನ್ನೂ ಹೋಗಿರುತ್ತದೆ.

ಎಷ್ಟೊತ್ತಿಗೆ ಆಯಿತು ಎಂದು ಕೇಳಿದರೆ ಮನೆಯವರು ಹೇಳುವುದು ನೋಡಿದ ಹೊತ್ತು. ನಮಗೆ ಬೇಕಾದದ್ದು ಅದಲ್ಲ. ಹೀಗೆ ಕೇಳಿ: 'ಅಜ್ಜ ಚೊಲೋ ಇದ್ದದ್ದನ್ನ ಕಡೀಗೆ ನೋಡಿದ್ದು ಯಾರು, ಯಾವಾಗ?' ಒಮ್ಮೆ ಒಬ್ಬಾಕೆ ಹೇಳಿದರು, 'ಎಮ್ಮಿ ಹಿಂಡೂ ಹೊತ್ನ್ಯಾಗ ಮಾತಾಡಿದ್ರಿ ಸರ, ಚಾ ಕೊಡಾಕ ಹೋದಾಗ ಬಾಯಿ ಸೊಟ್ಟ ಆಗಿತ್ತು.' ಎಮ್ಮೆ ಹಿಂಡುವುದು ಆ ಮನೆಯಲ್ಲಿ ಆರಕ್ಕೆ. ಚಹಾ ಏಳಕ್ಕೆ. ನಮ್ಮ ಗಡಿಯಾರ ಶುರುವಾಗಬೇಕಾದದ್ದು ಆರಕ್ಕೆ. ನಿದ್ದೆಯಿಂದ ಏಳುವಾಗಲೇ ಕೈಕಾಲು ಬಿದ್ದಿದ್ದರೆ ರಾತ್ರಿ ಮಲಗಿದ ಹೊತ್ತೇ ಲೆಕ್ಕ. ಆ ಹೊತ್ತನ್ನು ಚೀಟಿಯ ಮೇಲೆ ದಪ್ಪಗೆ ಬರೆಯಿರಿ. ಗಡುವು ದಾಟಿದೆ ಅನ್ನಿಸಿದರೂ ಡಾಕ್ಟರಿಗೆ ಹೇಳಿ, ತೀರ್ಮಾನ ಅವರದು.

ಸಿಟಿಗೆ ಒಯ್ಯುವ ಮೊದಲು ಬೆರಳು ಚುಚ್ಚಿ ಶುಗರ್ ನೋಡಿದ್ದಾರಾ ಕೇಳಿ. ಶುಗರ್ ತೀರಾ ಇಳಿದಾಗಲೂ ಮಾತು ತೊದಲುತ್ತದೆ, ಒಂದು ಬದಿ ಬೀಳುತ್ತದೆ. ಗ್ಲೂಕೋಸ್ ಏರಿಸಿದರೆ ಎದ್ದು ಕೂತುಬಿಡುತ್ತಾರೆ. ರಾತ್ರಿ ಹೊತ್ತು ಮಷೀನ್ ತಣ್ಣಗಾಗಿದ್ದರೆ ಟ್ಯೂಬ್ ವಾರ್ಮಪ್ ಮಾಡಬೇಕಲ್ಲ, ಆದ್ದರಿಂದ ಆಂಬುಲೆನ್ಸ್ ದಾರಿಯಲ್ಲಿರುವಾಗಲೇ ಫೋನ್ ಬರುವ ಹಾಗೆ ಮಾಡಿಕೊಳ್ಳಿ. ನರಕ್ಕೆ ಕೊಡುವ ಕಾಂಟ್ರಾಸ್ಟ್ ಔಷಧಿ ಇಲ್ಲದ ತಲೆ ಸಿಟಿಗೆ ಕಿಡ್ನಿ ಹೇಗಿದೆ ಎಂದು ನೋಡುವ ಕ್ರಿಯಾಟಿನಿನ್ ರಿಪೋರ್ಟ್ ಬೇಕಿಲ್ಲ, ಖಾಲಿ ಹೊಟ್ಟೆಯೂ ಬೇಕಿಲ್ಲ. ಇದನ್ನು ಹೇಳಲು ಕಾರಣ ಇದೆ. ಆ ರಿಪೋರ್ಟಿಗೆಂದು ಮುಕ್ಕಾಲು ಗಂಟೆ ಸ್ಟ್ರೆಚರ್ ಮೇಲೆ ಕಾದವರನ್ನು ನೋಡಿದ್ದೇನೆ.

ತಲೆಗೆ ಪೆಟ್ಟು

'ಕುಡದಾನ ಬಿಡ್ರಿ, ಇಳದ ಮ್ಯಾಲ ಏಳ್ತಾನ.' ಎಕ್ಸ್‌ರೇ ರೂಮಿನ ಮುಂದೆ ನಾನು ಕೇಳಿದ ಮಾತುಗಳಲ್ಲಿ ಇದರಷ್ಟು ಅಪಾಯದ ಮಾತು ಬೇರೆ ಇಲ್ಲ. ಬೈಕಿನಿಂದ ಬಿದ್ದವನ ಬಾಯಲ್ಲಿ ವಾಸನೆ ಇದ್ದರೂ ಮಂಕು ಕುಡಿತದ್ದೇ ಅಂತ ಸಿಟಿ ನೋಡುವ ತನಕ ಹೇಳುವಂತಿಲ್ಲ. ಎರಡು ಸಲಕ್ಕಿಂತ ಕಡಿಮೆ ಇಲ್ಲದ ವಾಂತಿ, ಕಿವಿ ಮೂಗಿನಿಂದ ನೀರು ಅಥವಾ ರಕ್ತ, ಕಣ್ಣಿನ ಸುತ್ತ ಕಪ್ಪು, 65 ದಾಟಿದ ವಯಸ್ಸು, ರಕ್ತ ತೆಳು ಮಾಡುವ ಮಾತ್ರೆ, ಇವೆಲ್ಲ ಪಾಳಿಯಲ್ಲಿ ಮುಂದೆ ತಳ್ಳುವ ಕಾರಣಗಳು. ಕಾಯುತ್ತಿದ್ದರೆ ಹದಿನೈದು ನಿಮಿಷಕ್ಕೊಮ್ಮೆ ಮಾತಾಡಿಸಿ. ಮೊದಲು ಊರ ಹೆಸರು ಹೇಳಿದವನು ಆಮೇಲೆ ಹೇಳದಿದ್ದರೆ ಕ್ಲಿಪ್ಪು ಬದಲಿಸಿ. ಕೊರಳಪಟ್ಟಿ ಹಾಕಿದ್ದರೆ ಫೋಟೊ ಚೆನ್ನಾಗಿ ಬರಲಿ ಎಂದು ಬಿಚ್ಚಬೇಡಿ.

ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಟಿ ಇಲ್ಲವಾ? ಹಾಗಾದರೆ ತಲೆಬುರುಡೆಯ ಎಕ್ಸ್‌ರೇ ತೆಗೆದು ಹೊತ್ತು ಕಳೆಯಬೇಡಿ. ಬುರುಡೆ ಸರಿ ಕಂಡರೂ ಒಳಗೆ ರಕ್ತ ಇರಬಹುದು. 108ಕ್ಕೆ ಫೋನ್ ಮಾಡಿ, ಕಳಿಸುವ ಕಡೆಗೂ ಫೋನ್ ಮಾಡಿ. 'ಅಲ್ಲಿ ಸಿಟಿ ಇವತ್ತು ನಡೀತಿದೆಯಾ?' ಎಂದು ಕೇಳದೆ ಕಳಿಸಬಾರದು. ಹತ್ತಿರದ ಎಲ್ಲ ಸಿಟಿ ರೂಮುಗಳ ನೇರ ನಂಬರು ಗೋಡೆಯ ಮೇಲೆ ಇರಲಿ.

ಸ್ಕ್ಯಾನಿಂಗ್ ರೂಮಿನ ಲೆಕ್ಕ ಬೇರೆ

ಇಲ್ಲಿ ರೋಗದ ಜೊತೆ ಹೊಟ್ಟೆ, ಮೂತ್ರಕೋಶದ ಲೆಕ್ಕವೂ ಸೇರುತ್ತದೆ. ಪಿತ್ತಕೋಶ ನೋಡಲು ಆರೆಂಟು ಗಂಟೆ ಖಾಲಿ ಹೊಟ್ಟೆ ಬೇಕು. ಶುಗರ್ ಇರುವವರು ಹಾಗೆ ಬಂದು ಹನ್ನೆರಡರ ತನಕ ಕೂತರೆ ಬೆಂಚಿನ ಮೇಲೇ ತಲೆ ತಿರುಗಿ ಬೀಳುತ್ತಾರೆ. ಆದ್ದರಿಂದ ಅವರಿಗೂ ಮಕ್ಕಳಿಗೂ ಮೊದಲ ಪಾಳಿ. ನೀರು ಕುಡಿದು ಮೂತ್ರ ಹಿಡಿದುಕೊಂಡವರನ್ನು ನಡುನಡುವೆ ಸೇರಿಸಿ. ಅವರು ಒಮ್ಮೆ ಹೋಗಿ ಬಂದರೆ ಮತ್ತೆ ಒಂದು ಗಂಟೆ ಕಾಯಬೇಕು.

ಬಸುರಿಯ ಸ್ಕ್ಯಾನ್ ಅಂದರೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯಿದೆಯ ಪ್ರಕಾರ ಫಾರ್ಮ್ ಎಫ್ ತುಂಬಲೇಬೇಕು. ಅರ್ಜೆಂಟ್ ಇದೆ ಎಂದು ಬಿಡುವಂತಿಲ್ಲ. ಹಾಗಂತ ರಕ್ತಸ್ರಾವ ಆಗುತ್ತಿರುವವಳನ್ನು ಬಾಗಿಲಲ್ಲಿ ನಿಲ್ಲಿಸಿ ಆಧಾರ್ ಕೇಳುವುದೂ ಅಲ್ಲ. ಸ್ಟ್ರೆಚರ್ ಒಳಗೆ ತಿರುಗುವಷ್ಟರಲ್ಲಿ ಒಬ್ಬರು ಫಾರ್ಮ್ ಹಿಡಿದು ಪಕ್ಕದಲ್ಲಿರಲಿ.

ಎಕ್ಸ್‌ರೇಗೆ ಬಂದ ಹೆಣ್ಣುಮಕ್ಕಳನ್ನು 'ಪ್ರೆಗ್ನೆಂಟಾ?' ಎಂದು ಅತ್ತೆ, ಗಂಡನ ಎದುರು ಕೇಳಿದರೆ ಸರಿಯಾದ ಉತ್ತರ ಬರುವುದಿಲ್ಲ. ಬದಿಗೆ ಕರೆದು ಸಿಸ್ಟರ್ ಕೈಲಿ ಕೇಳಿಸಿ: 'ಅಕ್ಕಾರ, ಕಡೀಗೆ ಹೊರಗಾಗಿದ್ದು ಯಾವಾಗ?' ಬಳ್ಳಾರಿ, ರಾಯಚೂರಿನಲ್ಲಿ ತೆಲುಗು, ಉರ್ದು ಬಲ್ಲವರು ಒಬ್ಬರಾದರೂ ಬಾಗಿಲಲ್ಲಿದ್ದರೆ ಅರ್ಧ ಗೊಂದಲ ಕಡಿಮೆ.

ಕೆಮ್ಮುವವರು ಒಳಗೆ ಬೇಡ

ಎರಡು ವಾರದಿಂದ ಕೆಮ್ಮು ಇರುವವರು ಸೀರಿಯಸ್ ಅಲ್ಲದಿದ್ದರೂ ಬೇಗ ಮುಗಿಸಿ ಕಳಿಸಿ. ಟಿಬಿ ಇದ್ದರೆ ಉಳಿದವರಿಗೆ ಹರಡಬಾರದು, ಅದಕ್ಕೆ. ಮಾಸ್ಕ್ ಕೊಟ್ಟು ಹೊರಗೆ ಬೇವಿನ ಮರದ ಕೆಳಗೆ ಕೂರಿಸಿ. ಗಾಳಿಯಾಡುವ ನೆರಳಿಗಿಂತ ಒಳ್ಳೆಯ ವೇಟಿಂಗ್ ಹಾಲ್ ಇವರಿಗೆ ಇಲ್ಲ. ಮರೆಯದೆ ಕರೆಯಿರಿ ಅಷ್ಟೇ. 'ಏನು ಕೆಲಸ ಮಾಡ್ತಿದ್ರಿ?' ಎಂದು ಕೇಳಿ ಚೀಟಿಯಲ್ಲಿ ಬರೆಯಿರಿ. ಕಲ್ಲಿನ ದೂಳು ಕುಡಿದವರಿಗೆ ಸಿಲಿಕೋಸಿಸ್ ಬರುತ್ತದೆ, ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬೇಗ ಹತ್ತುತ್ತದೆ. ಹಟ್ಟಿಯ ಚಿನ್ನದ ಗಣಿಯಲ್ಲೋ ಕ್ವಾರಿಯಲ್ಲೋ ಇಪ್ಪತ್ತು ವರ್ಷ ದುಡಿದಿದ್ದಾರೆ ಅನ್ನುವ ಒಂದು ಸಾಲು ಫೋಟೊ ಓದುವವರಿಗೆ ತುಂಬಾ ಉಪಯೋಗ.

ಕರೆಂಟ್ ಹೋದಾಗ

ಬೇಸಿಗೆಯಲ್ಲಿ ಎಸಿ ಸೋತರೆ ಸಿಟಿ ಮಷೀನೂ ಸೋಲುತ್ತದೆ. ಉದ್ದನೆಯ ಸ್ಕ್ಯಾನುಗಳನ್ನು ಬೆಳಗ್ಗೆಯೇ ಮುಗಿಸಿ. ಕರೆಂಟ್ ಹೋಗಿ ಒಂದು ಗಂಟೆಯಾದ ಮೇಲೆ ಬಂದಾಗ ನಿಂತಲ್ಲಿಂದ ಶುರು ಮಾಡುವುದು ನಮ್ಮ ಅಭ್ಯಾಸ. ಮಾಡಬೇಡಿ. ಆ ಒಂದು ಗಂಟೆಯಲ್ಲಿ ಹಳದಿ ಕೆಂಪಾಗಿರಬಹುದು. ಕತ್ತಲಲ್ಲಿ ಕೂತಿದ್ದಾಗಲೇ ಚೀಟಿಗಳನ್ನು ಹೊಸದಾಗಿ ಜೋಡಿಸಿಕೊಳ್ಳಿ.

ಗಾಡಿ ಪಲ್ಟಿಯಾದ ದಿನ

ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ಗೂಡ್ಸ್ ಗಾಡಿ ಪಲ್ಟಿಯಾದರೆ ಒಮ್ಮೆಗೇ ಹದಿನೈದು ಇಪ್ಪತ್ತು ಜನ ಬರುತ್ತಾರೆ. ಆವತ್ತು ಹಸಿರಿನವರನ್ನೆಲ್ಲ ಕೈ ಮುಗಿದು ಮನೆಗೆ ಕಳಿಸಿ. ನಡೆದು ಬಂದ ಗಾಯಾಳುಗಳನ್ನು ಒಂದೇ ಕಡೆ ಕೂರಿಸಿ. ಮುರಿದ ಕೈಕಾಲಿಗೆ ಪಟ್ಟಿ ಕಟ್ಟಿದರೆ ಫೋಟೊ ಸಂಜೆ ತೆಗೆದರೂ ನಡೆಯುತ್ತದೆ. ಮಷೀನು ಎದೆಗೆ, ಸೊಂಟದ ಮೂಳೆಗೆ ಇರಲಿ. ಸಿಟಿ ತಲೆಗೆ ಇರಲಿ. ಪೋರ್ಟಬಲ್ ಎಕ್ಸ್‌ರೇ ಇದ್ದರೆ ಅದನ್ನು ಕ್ಯಾಶುವಾಲಿಟಿಯಲ್ಲೇ ಬಿಡಿ, ಸ್ಟ್ರೆಚರ್ ಓಡಾಟ ಉಳಿಯುತ್ತದೆ.

ಹೆಸರಿನ ವಿಷಯದಲ್ಲಿ ಹುಷಾರು. ಒಂದೇ ಗಾಡಿಯಲ್ಲಿ ಮೂವರು ಹುಲಿಗೆಮ್ಮ, ಇಬ್ಬರು ಹನುಮಂತಪ್ಪ ಇರುವುದು ನಮ್ಮ ಕಡೆ ಮಾಮೂಲು. ನಾನೇ ಒಮ್ಮೆ ಒಬ್ಬ ಹುಲಿಗೆಮ್ಮನ ಫಿಲಂ ಇನ್ನೊಬ್ಬಳ ಕೈಗೆ ಕೊಟ್ಟಿದ್ದೆ. ಪ್ಲಾಸ್ಟರ್ ಹಾಕುವ ಮೊದಲು ಡ್ರೆಸ್ಸರ್ ಗಮನಿಸಿದ್ದರಿಂದ ಬಚಾವ್. ಈಗ ಮುಂಗೈ ಮೇಲೆ ಮಾರ್ಕರಿನಲ್ಲಿ ನಂಬರ್ ಬರೆಯುತ್ತೇವೆ, ಅದೇ ನಂಬರ್ ಪ್ಲೇಟಿನ ಮೇಲೆ.

ಫೋಟೊ ತೆಗೆದ ಮೇಲೂ ಪಾಳಿ ಇದೆ

ರಿಪೋರ್ಟ್ ಬೇರೆ ಊರಿನಿಂದ ಆನ್‌ಲೈನಿನಲ್ಲಿ ಬರುವ ಕಡೆ ಕೆಂಪು ಚೀಟಿಯ ಫೋಟೊ ಅಲ್ಲಿನ ಸಾಲಿನಲ್ಲಿ ಕೊನೆಗೆ ಬಿದ್ದಿರುತ್ತದೆ. ಕಳಿಸಿದ ಕೂಡಲೇ ಫೋನ್ ಮಾಡಿ ಹೇಳಿ. ತಲೆಯಲ್ಲಿ ರಕ್ತ, ವಪೆ ಕೆಳಗೆ ಗಾಳಿ, ಕುಸಿದ ಶ್ವಾಸಕೋಶ ಟೆಕ್ನಿಷಿಯನ್ ಕಣ್ಣಿಗೇ ಮೊದಲು ಬೀಳುತ್ತದೆ. 'ರಿಪೋರ್ಟ್ ಕೊಡೋದು ನನ್ನ ಕೆಲಸ ಅಲ್ಲ' ಎಂದು ಸುಮ್ಮನಿರಬೇಡಿ. 'ಸರ್, ಏನೋ ಇದೆ, ಬಂದು ನೋಡಿ' ಅಂದರೆ ಅದು ರಿಪೋರ್ಟ್ ಆಗುವುದಿಲ್ಲ. ಯಾರಿಗೆ ಹೇಳಿದಿರಿ, ಎಷ್ಟು ಗಂಟೆಗೆ, ಅವರು ಕೇಳಿಸಿಕೊಂಡದ್ದನ್ನು ತಿರುಗಿ ಹೇಳಿದರಾ ಎಂದು ರಿಜಿಸ್ಟರಿನಲ್ಲಿ ಬರೆಯಿರಿ. ಬೇರೆ ಆಸ್ಪತ್ರೆಗೆ ಕಳಿಸುವುದಾದರೆ ಫಿಲಂ ಅಥವಾ ಸಿಡಿ ರೋಗಿಯ ಜೊತೆಗೇ ಹೋಗಲಿ.

ಜನರಿಗೆ ಹೇಳುವುದು

ಹಿಂದೆ ಬಂದವರನ್ನು ಮೊದಲು ಕರೆದರೆ ಜಗಳ ಆಗುತ್ತದೆ. ಆದರೆ ಕಾರಣ ಗೊತ್ತಿಲ್ಲದಿದ್ದಾಗ ಮಾತ್ರ. ಒಮ್ಮೆ ಒಬ್ಬರು ಬಾಗಿಲು ತಟ್ಟಿ, 'ಏನ್ರೀ ಅಣ್ಣಾರ, ನಾವು ಮುಂಜಾನಿ ಏಳಕ್ಕ ಬಂದೀವಿ, ಈಗ ಬಂದವ್ರನ್ನ ಒಳಗ ತಗೊಂಡ್ರಿ' ಎಂದರು. 'ಯಜಮಾನ್ರ, ಆ ಹುಡುಗನ ತಲಿಯಾಗ ರಕ್ತ ಐತೇನೋ ಅಂತ ನೋಡಾಕ್ಹತ್ತೀವಿ. ನಿಮ್ಮ ಮಂಡಿ ಅರ್ಧ ತಾಸು ತಡದ್ರ ಏನೂ ಆಗಂಗಿಲ್ಲ' ಎಂದೆ. 'ಹಂಗಾರ ಮೊದ್ಲು ಅವನ್ನ ನೋಡ್ರಿ' ಎಂದು ಕೂತರು. ಆಮೇಲೆ ಬಂದವರಿಗೆ ಅವರೇ ವಿವರಿಸುತ್ತಿದ್ದರು.

ಎಂಎಲ್‌ಸಿ ಕಾನೂನಿನ ವಿಷಯ, ಅರ್ಜೆಂಟ್ ಅಲ್ಲ. ಹೊಡೆದಾಟದಲ್ಲಿ ಹಲ್ಲು ಅಲ್ಲಾಡಿದವನು ಪೊಲೀಸರ ಜೊತೆ ಬಂದ ಮಾತ್ರಕ್ಕೆ ಮುಂದೆ ಹೋಗುವುದಿಲ್ಲ. ದೊಡ್ಡವರ ಫೋನ್ ಬಂದರೆ ನಾನು ಒಂದೇ ಮಾತು ಹೇಳುತ್ತೇನೆ: 'ಆಗಲಿ ಸಾರ್, ಡಾಕ್ಟರ್ ಕೈಲಿ ಕೆಂಪು ಅಂತ ಹೇಳಿಸಿ.' ಹೆಚ್ಚಿನವರು ಮತ್ತೆ ಫೋನ್ ಮಾಡುವುದಿಲ್ಲ.

ಕೆಂಪು ಚೀಟಿಯವರು ಬಂದ ಹೊತ್ತು, ಟೇಬಲ್ ಹತ್ತಿದ ಹೊತ್ತು ಎರಡನ್ನೂ ಬರೆದಿಟ್ಟು ಶನಿವಾರ ಒಮ್ಮೆ ನೋಡಿ. ಯಾವುದು ತಡವಾಯಿತು, ಚೀಟಿಯಾ, ಸ್ಟ್ರೆಚರಾ, ಕರೆಂಟಾ ಗೊತ್ತಾಗುತ್ತದೆ. ನಮ್ಮಲ್ಲಿ ಬಹಳ ಸಲ ಸ್ಟ್ರೆಚರ್ ತಳ್ಳುವವರೇ ಸಿಕ್ಕಿರುವುದಿಲ್ಲ. ಮತ್ತೆ, ರಾತ್ರಿ ಡ್ಯೂಟಿಯವರಿಗೆ ಕ್ಲಿಪ್ಪು ಎಣಿಸಿ ಕೊಡಿ. ಹಸಿರು ಉಳಿಯುತ್ತವೆ, ಕೆಂಪು ವಾರ್ಡುಗಳಿಗೆ ಹೋದವು ತಿರುಗಿ ಬರುವುದಿಲ್ಲ. ಒಂದು ಡಜನ್ ಜಾಸ್ತಿಯೇ ತಂದಿಟ್ಟುಕೊಳ್ಳಿ.